ಪುಂಡಿಗೆ ಕಡೇ ಪಾಳಿ

ಗಣಪತಿ ನೀರಿಗೆ ಹೋದ ಮೇಲೆ ಬರುವ ಮೊದಲ ಐತವಾರ ನಮ್ಮ ಮನೆಯಲ್ಲಿ ಪುಂಡಿಪಲ್ಯ, ಅಂದರೆ ಪುಂಡಿ ಅನ್ನುವ ಹುಳಿ ಸೊಪ್ಪು ಹಾಕಿದ ಮಟನ್ ಆಗಲೇಬೇಕು. ಶ್ರಾವಣ ಪೂರ್ತಿ ಅವ್ವ ಮಾಂಸ ಮುಟ್ಟುವುದಿಲ್ಲ. ಗಣಪತಿ ಕೂತಿರುವಷ್ಟು ದಿನವೂ ಇಲ್ಲ. ಅಲ್ಲಿಗೆ ಹತ್ತಿರ ಹತ್ತಿರ 40 ದಿನ ಆಗಿರುತ್ತದೆ, ಅಷ್ಟರಲ್ಲಿ ನಾಲ್ಕು ಮಳೆ ಬಿದ್ದು ಹೊಲದ ಬದುವಿನಲ್ಲಿ ಪುಂಡಿ ಎಳೆಎಳೆಯಾಗಿ ಎದ್ದಿರುತ್ತದೆ, ಮಾನ್ವಿಯಿಂದ ಅಕ್ಕನ ಫೋನ್ ಬರುತ್ತದೆ. "ತಮ್ಮಾ, ಈ ಐತವಾರ ಬರ್ತೀವಿ ನೋಡು." ಏನು ಮಾಡಬೇಕು ಅಂತ ಅವಳು ಹೇಳುವುದಿಲ್ಲ, ನಾನೂ ಕೇಳುವುದಿಲ್ಲ.

ಊಟಕ್ಕೆ ಕೂರುವುದು ಹನ್ನೊಂದು ಗಂಟೆಗೆ. ಅವತ್ತು ಬೇರೆ ನಾಷ್ಟಾ ಇಲ್ಲ, ದೊಡ್ಡವರಿಗೆ ಚಹಾ, ಮಗನಿಗೆ ಎರಡು ಬಿಸ್ಕತ್ತು. ಅಕ್ಕನ ಮಗಳು ಬೆಂಗಳೂರಿನಲ್ಲಿ ಓದುತ್ತಾಳೆ. ಹೋದ ವರ್ಷ ತಾಟಿನ ಮುಂದೆ ಕೂತು, "ಮಾಮಾ, ಇದಕ್ಕ ಬ್ರಂಚ್ ಅಂತಾರ" ಅಂದಳು. ಹೆಸರು ಹೊಸದು, ಅಷ್ಟೇ. ಮುಂಜಾನೆ ಮಾಂಸ ತಿನ್ನುವುದು ರಾಯಚೂರಿಗೆ ಹೊಸದಲ್ಲ. 1948ರವರೆಗೆ ನಿಜಾಮರ ಕೈಯಲ್ಲಿದ್ದ ಊರು ಇದು, ಕನ್ನಡ ನಾಡಿಗೆ ಸೇರಿದ್ದು 1956ರಲ್ಲಿ. ಹೈದರಾಬಾದಿನ ಕಡೆಯ ನಹಾರಿ, ಪಾಯಾ ಎರಡೂ ಬೆಳಗಿನ ಹೊತ್ತಿನ ಊಟಗಳೇ. ನಹಾರಿ ಅನ್ನುವ ಹೆಸರೇ ಬೆಳಗಿನ ಹೊತ್ತು ಅನ್ನುವ ಅರಬ್ಬೀ ಮಾತಿನಿಂದ ಬಂದದ್ದು. ರಾತ್ರಿಯಿಡೀ ಸಣ್ಣ ಉರಿಯ ಮೇಲೆ ಬೆಂದ ಮಾಂಸ, ನಸುಕಿನಲ್ಲಿ ಒಂದು ರೊಟ್ಟಿ, ಕೈ ತೊಳೆದು ಕೆಲಸಕ್ಕೆ. ನಮ್ಮದು ಅಷ್ಟು ಬೇಗ ಅಲ್ಲ, ಅವತ್ತು ಯಾರಿಗೂ ಕೆಲಸ ಇರುವುದಿಲ್ಲವಲ್ಲ.

ಈ ಸಲ ಇದನ್ನು ಬರೆದಿಡಬೇಕು ಅನ್ನಿಸಿದ್ದು ಒಂದು ಕಾರಣಕ್ಕೆ. ಮೂರು ವರ್ಷದ ಹಿಂದೆ ಇದೇ ಐತವಾರ ನಾನು ಊಟ ಕೆಡಿಸಿದ್ದೆ. ಅವ್ವ ಮದುವೆಗೆ ಅಂತ ಊರಿಗೆ ಹೋಗಿದ್ದಳು. ಮನೆ ತುಂಬ ಜನ. ಬೇಗ ಆಗಲಿ ಅಂತ ಮಾಂಸ, ಮಸಾಲೆ, ಪುಂಡಿ ಎಲ್ಲ ಒಟ್ಟಿಗೆ ಕುಕ್ಕರಿಗೆ ಹಾಕಿ ಐದು ಸೀಟಿ ಹಾಕಿಸಿದೆ. ತೆಗೆದು ನೋಡಿದರೆ ತುಂಡು ಬೆರಳಿಗೆ ಗಟ್ಟಿ. ಮತ್ತೆ ನಾಲ್ಕು ಸೀಟಿ. ಪಲ್ಯ ಕಪ್ಪಗಾಯಿತು, ಮಾಂಸ ಮಾತ್ರ ನಾರು ನಾರಾಗಿ ಹಲ್ಲಿಗೆ ಜಗ್ಗುತ್ತಿತ್ತು. ಒಂದೂವರೆಯಾದರೂ ತಾಟು ಹಾಕಲಿಲ್ಲ, ನನ್ನ ಮಗ ಆಗಿನ್ನೂ ಚಿಕ್ಕವನು, ಅಳುತ್ತಾ ಹಾಗೇ ನಿದ್ದೆ ಹೋದ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮಾರನೇ ದಿನ ಅವ್ವ ಬಂದು ಎಲ್ಲ ಕೇಳಿಸಿಕೊಂಡು ಇಷ್ಟೇ ಹೇಳಿದಳು. "ಹುಳಿ ಮೊದಲ ಬಿತ್ತಂದ್ರ ಖಂಡ ಕುದಿಯಂಗಿಲ್ಲಪಾ. ಬ್ಯಾಳಿಗೆ ಹುಣಸೀಹಣ್ಣು ಮೊದಲ ಹಾಕ್ತೀವೇನು? ಪುಂಡಿಗೆ ಕಡೇ ಪಾಳಿ."

ಅವತ್ತಿನಿಂದ ಈ ಅಡುಗೆಯನ್ನು ನಾನು ಪಾಳಿ ಪ್ರಕಾರ ಮಾಡುತ್ತೇನೆ. ಯಾವುದು ಯಾವಾಗ ಅನ್ನುವುದು ಗೊತ್ತಿದ್ದರೆ ಐತವಾರದ ಬೆಳಗ್ಗೆ ಗಡಿಬಿಡಿಯೇ ಇಲ್ಲ. ಒಲೆಯ ಮುಂದೆ ನಿಂತು ಬೆವರು ಒರೆಸಿಕೊಳ್ಳುವ ಬದಲು ಬಂದವರ ಜೊತೆ ಕೂತು ಮಾತಾಡಬಹುದು.

ಮೊದಲ ಪಾಳಿ ಮಸಾಲೆ, ಅದು ಶನಿವಾರ ರಾತ್ರಿಯೇ ಮುಗಿಯಬೇಕು. ಏಳು ಜನಕ್ಕೆ ಒಂದೂವರೆ ಕಿಲೋ ಮಾಂಸ ಅಂತ ಇಟ್ಟುಕೊಂಡರೆ 12 ಬ್ಯಾಡಗಿ ಮೆಣಸಿನಕಾಯಿ, 6 ಗುಂಟೂರು. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಬರೀ ಬ್ಯಾಡಗಿ ಹಾಕಿದರೆ ಪುಂಡಿಯ ಹುಳಿ ಎದ್ದು ಕೂರುತ್ತದೆ, ಬರೀ ಗುಂಟೂರು ಹಾಕಿದರೆ ಮಕ್ಕಳು ತಿನ್ನುವುದಿಲ್ಲ. ಮೂರು ದೊಡ್ಡ ಚಮಚ ಕೊತ್ತಂಬರಿ ಕಾಳು, ಒಂದು ಸಣ್ಣ ಚಮಚ ಜೀರಿಗೆ, ನಾಲ್ಕು ಲವಂಗ, ಎರಡು ಬೆರಳುದ್ದ ಚಕ್ಕೆ, ಎರಡು ಯಾಲಕ್ಕಿ, ಚಿಟಿಕೆಯಷ್ಟು ಕಲ್ಲುಹೂವು, ಒಂದು ಚಮಚ ಗಸಗಸೆ. ಒಣಕೊಬ್ಬರಿ ಅರ್ಧ ಬಟ್ಟಲಿಗಿಂತ ಜಾಸ್ತಿ ಬೇಡವೇ ಬೇಡ. ಬರೀ ಮಟನ್ ಸಾರಿಗಾದರೆ ಕೊಬ್ಬರಿ ಕೈ ಬಿಟ್ಟು ಹಾಕಬಹುದು, ಪುಂಡಿ ಇರುವಾಗ ಅದರ ಸಿಹಿ ಹುಳಿಯನ್ನು ಮಂಕು ಮಾಡುತ್ತದೆ. ಪುಟಾಣಿ (ಹುರಿಗಡಲೆ) ಹಿಟ್ಟು ಹಾಕಿ ಗಟ್ಟಿ ಮಾಡುವವರೂ ಇದ್ದಾರೆ. ನನಗೆ ಅದು ಒಪ್ಪಿಗೆ ಇಲ್ಲ, ಪುಂಡಿಯೇ ಸಾಕಷ್ಟು ಗಟ್ಟಿ ಮಾಡುತ್ತದೆ. ಟೊಮೆಟೊ ಕೂಡ ಬೇಡ. ಎರಡು ಹುಳಿ ಒಂದೇ ಬೋಗುಣಿಯಲ್ಲಿ ಯಾಕೆ?

ಮೆಣಸಿನಕಾಯಿಗೆ ನಾಲ್ಕು ಹನಿ ಎಣ್ಣೆ ಸವರಿ ಹುರಿದರೆ ಘಾಟು ಕಡಿಮೆ. ಉಳಿದದ್ದೆಲ್ಲ ಒಣಗೇ, ಒಂದೊಂದನ್ನೇ ಬೇರೆ ಬೇರೆ ಹುರಿಯಬೇಕು, ಗಸಗಸೆ ಕಡೆಗೆ, ಅದು ಚಟಪಟ ಅನ್ನುವಷ್ಟರಲ್ಲಿ ಒಲೆ ಆರಿಸಬೇಕು. ತಣ್ಣಗಾದ ಮೇಲೆ ಮಿಕ್ಸಿಗೆ ಹಾಕಿ, ಡಬ್ಬಿಯಲ್ಲಿ ಮುಚ್ಚಿಟ್ಟು ಮಲಗಿಬಿಡುವುದು. ಅಲ್ಲ (ಹಸಿ ಶುಂಠಿ), ಬಳ್ಳೊಳ್ಳಿ (ಬೆಳ್ಳುಳ್ಳಿ) ಎರಡನ್ನು ಮಾತ್ರ ಬೆಳಗ್ಗೆ ಹಸಿಯಾಗಿಯೇ ಒಳಕಲ್ಲಿನಲ್ಲಿ ಜಜ್ಜುತ್ತೇನೆ. ರಾತ್ರಿಯೇ ಜಜ್ಜಿಟ್ಟರೆ ಬೆಳಗ್ಗೆಗೆ ಅದರ ವಾಸನೆ ಒಂದು ಥರಾ ಹಳಸಿದ ಹಾಗೆ ಇರುತ್ತದೆ.

ಐತವಾರ ಆರೂವರೆಗೆಲ್ಲ ಉಸ್ಮಾನಿಯಾ ಮಾರ್ಕೆಟ್‌ಗೆ ಹೋಗುತ್ತೇನೆ. ಪುಂಡಿಯ ಕಟ್ಟುಗಳ ಮೇಲೆ ಒದ್ದೆ ಗೋಣಿಚೀಲ ಹೊದಿಸಿ ಕೂತಿರುತ್ತಾರೆ. ಕಳೆದ ವಾರ ನಾನು ನಿಂತಿದ್ದ ಹೊತ್ತಿನಲ್ಲಿ ಆ ಅಮ್ಮ ನನಗೆ "ಪುಂಡಿ ಬೇಕೇನ್ರಿ" ಅಂದಳು, ಪಕ್ಕದವರಿಗೆ ಗೋಂಗೂರ ಅಂದಳು, ಅವರ ಹಿಂದೆ ನಿಂತಿದ್ದ ಬುರ್ಖಾದ ಹೆಂಗಸಿಗೆ ಅಂಬಾಡ ಅಂದಳು. ಮೂರು ಹೆಸರು, ಅದೇ ಕಟ್ಟು, ಅದೇ ರೇಟು. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ, ನಡುವಿನ ಈ ಎಡೆದೊರೆ ನಾಡು ಮೊದಲಿನಿಂದಲೂ ಹೀಗೇ, ಹಲವು ಭಾಷೆ ಬೆರೆತದ್ದು. ನಮ್ಮ ಕೋಟೆಯ ಗೋಡೆಯಲ್ಲಿರುವ ಆ ಉದ್ದನೆಯ ಬಂಡೆಯ ಮೇಲೆ 1294ರ ತೆಲುಗು ಶಾಸನ ಇದೆ, ಅಷ್ಟು ದೊಡ್ಡ ಕಲ್ಲನ್ನು ಬಂಡಿಗೆ ಹೇರಿ ಕೋಣಗಳ ಸಾಲು ಎಳೆದು ತರುತ್ತಿರುವ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. ರಾಯಚೂರಿಗೆ ಬಂದವರು ಅದನ್ನು ನೋಡದೆ ಹೋಗಬಾರದು.

ಪುಂಡಿಯಲ್ಲಿ ಕೆಂಪು ದಂಟಿನದು ಹುಳಿ ಜಾಸ್ತಿ, ಹಸಿರು ದಂಟಿನದು ಸ್ವಲ್ಪ ಕಡಿಮೆ. ಮಾಂಸಕ್ಕೆ ಕೆಂಪು ದಂಟೇ ಬೇಕು. ಕೊಳ್ಳುವ ಮುಂಚೆ ಒಂದು ಎಲೆ ಹರಿದು ಬಾಯಿಗೆ ಹಾಕಿಕೊಳ್ಳಿ, ನಾಲಿಗೆಯ ಎರಡೂ ಅಂಚು ಜುಮ್ಮೆಂದರೆ ಸರಿಯಾದ ಪುಂಡಿ. ನಾಲ್ಕು ಕಟ್ಟು ತಂದರೆ ದಂಟು ತೆಗೆದು ಸೋಸಿದ ಮೇಲೆ ಹತ್ತಿರ ಹತ್ತಿರ 350 ಗ್ರಾಂ ಎಲೆ ಉಳಿಯುತ್ತದೆ, ಒಂದೂವರೆ ಕಿಲೋಗೆ ಅಷ್ಟು ಸಾಕು. ದಂಟನ್ನು ಅವ್ವ ಎಸೆಯಲು ಬಿಡುವುದಿಲ್ಲ. ಅವಳು ಸಣ್ಣವಳಿದ್ದಾಗ ಬಲಿತ ಪುಂಡಿಯನ್ನು ನೀರಿನಲ್ಲಿ ಕೊಳೆಹಾಕಿ ನಾರು ತೆಗೆದು ಹಗ್ಗ ಹೊಸೆಯುತ್ತಿದ್ದರಂತೆ. ಎಮ್ಮೆ ಕಟ್ಟುವ ಹಗ್ಗವೂ ಅದೇ, ತೊಟ್ಟಿಲು ಕಟ್ಟುವ ಹಗ್ಗವೂ ಅದೇ.

ಅಲ್ಲಿಂದ ಮಟನ್ ಅಂಗಡಿ. ಏಳು ಗಂಟೆಗೆ ಹೋದರೆ ಕೇಳಿದ ಭಾಗ ಸಿಗುತ್ತದೆ, ಒಂಬತ್ತಕ್ಕೆ ಹೋದರೆ ಕೊಟ್ಟದ್ದು ತಗೊಂಡು ಬರಬೇಕು. ಭಾಯಿ ಯಾವಾಗಲೂ ತೊಡೆಗೆ ಕತ್ತಿ ಇಡಲು ನೋಡುತ್ತಾರೆ, ಹೆಚ್ಚಿನ ಜನ ಅದನ್ನೇ ಕೇಳುವುದು. "ಭಾಯಿ, ತೊಡಿ ಸ್ವಲ್ಪ ಹಾಕ್ರಿ ಸಾಕು, ಮುಂಗಾಲು, ಎದಿ ಜಾಸ್ತಿ ಇರಲಿ, ನಲ್ಲಿ ನಾಲ್ಕು ಬೇಕು" ಅಂತ ಹೇಳುತ್ತೇನೆ. ನಲ್ಲಿ ಅಂದರೆ ಒಳಗೆ ಮಜ್ಜೆ ಇರುವ ಎಲುಬು. ತೊಡೆಯಲ್ಲಿ ಬರೀ ಮಾಂಸ, ಹೊತ್ತು ಜಾಸ್ತಿಯಾದರೆ ಒಣಗುತ್ತದೆ. ಮುಂಗಾಲು, ಎದೆಯಲ್ಲಿ ಪೊರೆ, ನರ, ಕೊಬ್ಬು ಎಲ್ಲ ಇರುತ್ತದೆ. ಸಣ್ಣ ಉರಿಯಲ್ಲಿ ನಿಧಾನವಾಗಿ ಬೆಂದರೆ ಆ ಪೊರೆಯೇ ಕರಗಿ ರಸಕ್ಕೆ ಇಳಿಯುತ್ತದೆ, ತಿಂದಾಗ ತುಟಿಗೆ ತುಟಿ ಅಂಟುತ್ತದಲ್ಲ, ಅದು ಇದರಿಂದಲೇ. ಅವತ್ತು ಅಂಗಡಿಯಲ್ಲಿ ಇದ್ದದ್ದು ಲಿಂಗಸುಗೂರು ಕಡೆಯ ಕೆಂಗುರಿ. ಮೈಬಣ್ಣ ಕೆಂಪು ಮಿಶ್ರಿತ ಕಂದು, ಅದಕ್ಕೇ ಆ ಹೆಸರು. ನಮ್ಮ ರಾಯಚೂರು, ಕೊಪ್ಪಳ ಸೀಮೆಯದೇ ತಳಿ ಅದು. ಬಳ್ಳಾರಿ ಕಡೆಗೆ ಹೋದರೆ ಬಿಳಿ, ಕಪ್ಪು ಬಳ್ಳಾರಿ ಕುರಿ ಕಾಣುತ್ತದೆ. ಕುರುಚಲು ಗುಡ್ಡದಲ್ಲಿ ಮೇಯ್ದ ಕೆಂಗುರಿಯ ಮಾಂಸಕ್ಕೆ ಒಂದು ಗಟ್ಟಿ ರುಚಿ ಇದೆ, ಅದಕ್ಕೆ ಪುಂಡಿಯ ಹುಳಿ ಸರಿಯಾದ ಜೋಡಿ. ತುಂಡು ತೀರಾ ಸಣ್ಣ ಮಾಡಿಸಬೇಡಿ. ಲಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಿದ್ದರೆ ಒಂದೂವರೆ ಗಂಟೆ ಬೆಂದರೂ ತುಂಡು ತುಂಡಾಗಿಯೇ ಉಳಿಯುತ್ತದೆ.

ಮನೆಗೆ ತಂದು ಒಂದೇ ಸಲ ತೊಳೆದು, ನೀರು ಬಸಿದು, ಅರಿಶಿಣ, ಉಪ್ಪು ಹಚ್ಚಿ ಅರ್ಧ ಗಂಟೆ ಬಿಡುತ್ತೇನೆ. ಆ ಅರ್ಧ ಗಂಟೆಯಲ್ಲಿ ನಾಲ್ಕು ಉಳ್ಳಾಗಡ್ಡಿ ಹೆಚ್ಚುವುದು, ಅಲ್ಲ, ಬಳ್ಳೊಳ್ಳಿ ಜಜ್ಜುವುದು, ಇನ್ನೊಂದು ಚಹಾ. ಪಾತ್ರೆಯ ಬಗ್ಗೆ ಒಂದು ಮಾತು. ಅಲ್ಯೂಮಿನಿಯಂ ಬೇಡ, ಪುಂಡಿಯ ಹುಳಿ ಅದನ್ನು ತಿನ್ನುತ್ತದೆ, ಪಲ್ಯಕ್ಕೂ ಒಂದು ಥರಾ ಲೋಹದ ರುಚಿ ಬರುತ್ತದೆ. ಅವ್ವನ ಹಿತ್ತಾಳೆ ಬೋಗುಣಿಗೆ ಕಲಾಯಿ ಹೋಗಿದೆ, ಕಲಾಯಿ ಹಾಕುವವರು ನಮ್ಮ ಓಣಿಗೆ ಬರದೆ ಎಷ್ಟೋ ವರ್ಷ ಆಯಿತು. ಹಾಗಾಗಿ ದಪ್ಪ ತಳದ ಸ್ಟೀಲ್ ಬೋಗುಣಿ. ಶೇಂಗಾ ಎಣ್ಣೆ ಕಾದ ಮೇಲೆ ಉಳ್ಳಾಗಡ್ಡಿ ಹಾಕಿ ಅಂಚು ಕೆಂಪಾಗುವವರೆಗೆ ಬಾಡಿಸಬೇಕು, ಆಮೇಲೆ ಅಲ್ಲ ಬಳ್ಳೊಳ್ಳಿ, ಅದರ ಹಸಿ ವಾಸನೆ ಹೋಗಲಿ. ಈಗ ಎರಡನೇ ಪಾಳಿ, ಮಾಂಸದ್ದು.

ಮಾಂಸ ಹಾಕಿದ ಕೂಡಲೇ ನೀರು ಹಾಕಬೇಡಿ, ಅದು ತನ್ನ ನೀರನ್ನು ತಾನೇ ಬಿಡುತ್ತದೆ. ಉರಿ ಜೋರಾಗಿಟ್ಟು ತಿರುವುತ್ತಾ ಇದ್ದರೆ ಮೊದಲು ಬೋಗುಣಿ ತುಂಬ ನೀರು ನೀರು ಅನ್ನಿಸುತ್ತದೆ, ಹದಿನೈದು ನಿಮಿಷದಲ್ಲಿ ಆ ನೀರೆಲ್ಲ ಇಂಗಿ, ಬುಳುಬುಳು ಸದ್ದು ಹೋಗಿ ಚುರುಚುರು ಸದ್ದು ಬರುತ್ತದೆ. ಈ ಸದ್ದು ಬದಲಾಗುವುದನ್ನು ಕಾಯಬೇಕು. ಬದಲಾದ ಮೇಲೆ ಮಸಾಲೆ ಪುಡಿ ಹಾಕಿ, ತಳ ಹಿಡಿಯದ ಹಾಗೆ ಎಣ್ಣೆ ಬದಿಗೆ ಬಿಡುವವರೆಗೆ ಹುರಿದು, ಮುಳುಗುವಷ್ಟು ಬಿಸಿನೀರು. ಉರಿ ಸಣ್ಣದು ಮಾಡಿ ಮೇಲೆ ಒಂದು ಆಳದ ತಾಟು ಮುಚ್ಚಿ, ಆ ತಾಟಿನಲ್ಲಿ ಎರಡು ಲೋಟ ನೀರು ಹಾಕಿಡುತ್ತೇನೆ. ಮೇಲೆ ತಣ್ಣೀರು ಇರುವುದರಿಂದ ಹಬೆ ತಾಟಿನ ತಳಕ್ಕೆ ತಾಗಿ ಹನಿಯಾಗಿ ವಾಪಸ್ ಬೀಳುತ್ತದೆ, ಘಮ ಹೊರಗೆ ಹೋಗುವುದಿಲ್ಲ. ನಡುವೆ ನೀರು ಕಡಿಮೆಯಾದರೆ ತಾಟಿನಲ್ಲಿ ಆಗಲೇ ಬಿಸಿಯಾಗಿರುವ ನೀರನ್ನೇ ಸುರಿದುಬಿಡಬಹುದು. ಕುದಿಯುವ ಮಾಂಸಕ್ಕೆ ತಣ್ಣೀರು ಹಾಕಬಾರದು ಅಂತ ಅವ್ವ ಹೇಳುತ್ತಿದ್ದದ್ದು ಇದಕ್ಕೇ ಅಂತ ನನಗೆ ಅರ್ಥವಾಗಿದ್ದು ತಡವಾಗಿ.

ಇಲ್ಲಿಂದ ಒಂದು ಗಂಟೆ ಇಪ್ಪತ್ತು ನಿಮಿಷ ನಿಮಗೆ ಬಿಡುವು. ಆ ಹೊತ್ತಿಗೆ ಮಾನ್ವಿ ಬಸ್ಸು ಬಂದಿರುತ್ತದೆ. ಅಕ್ಕ ಬಂದವಳೇ ಒಳಗೆ ಬಂದು ತಾಟು ಎತ್ತಿ ನೋಡಲು ಹೋಗುತ್ತಾಳೆ, ನಾನು ಬಿಡುವುದಿಲ್ಲ. ಪಡಸಾಲೆಯಲ್ಲಿ ಹಳೇ ಪೇಪರ್ ಹಾಸಿ ಪುಂಡಿ ಸುರಿದು ಎಲ್ಲರೂ ಸುತ್ತ ಕೂತು ಸೋಸುತ್ತೇವೆ. ಭಾವನವರ ಕೈ ಎಲೆ ಬಿಡಿಸುತ್ತಿರುತ್ತದೆ, ಬಾಯಿ ಕಾಲುವೆ ನೀರಿನ ಬಗ್ಗೆ ಮಾತಾಡುತ್ತಿರುತ್ತದೆ. ಅವರದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಹೊಲ. ಮೇಲಿನವರು ಭತ್ತಕ್ಕೆ ತಿರುಗಿಸಿಕೊಂಡ ಮೇಲೆ ಉಳಿದರೆ ಇವರಿಗೆ. "69ನೇ ಮೈಲಿನಾಗ ಗೇಜ್ ನಿಂತ್ರ ನಮಗ ನೀರು, ಇಲ್ಲಂದ್ರ ಬರೇ ಭರವಸೆ" ಅಂದರು. ಗೇಜ್ ಅಂದರೆ ಕಾಲುವೆಯಲ್ಲಿ ನೀರಿನ ಮಟ್ಟ, ಅದು ಅಲ್ಲಿ ಇಳಿಯದೆ ನಿಂತರೆ ಇವರ ಹೊಲಕ್ಕೆ ನೀರು. ಹೋದ ವರ್ಷವೂ ಹತ್ತಿರ ಹತ್ತಿರ ಇದೇ ಮಾತು ಅಂದಿದ್ದರು. ಅವ್ವ ಏನೂ ಅನ್ನದೆ ಅವರ ಮುಂದಿದ್ದ ರಾಶಿಯಿಂದ ಬಲಿತ ಎಲೆಗಳನ್ನು ಆರಿಸಿ ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದಳು. ಎಳೆಯದು ಇಡಿಯಾಗಿ ಇರಲಿ, ಬಲಿತದ್ದಕ್ಕೆ ನಡುವಿನ ನಾರು ತೆಗೆಯಬೇಕು.

ಮಾಂಸ ಬೆಂದಿದೆಯೋ ಇಲ್ಲವೋ ನೋಡಲು ಒಂದು ನಲ್ಲಿಯ ತುಂಡು ತೆಗೆಯಿರಿ. ಎಲುಬಿನ ತುದಿಯಿಂದ ಮಾಂಸ ಅರ್ಧ ಇಂಚು ಹಿಂದೆ ಸರಿದಿರಬೇಕು, ಹೆಬ್ಬೆರಳಿನಿಂದ ಒತ್ತಿದರೆ ಎಳೆಯಾಗಿ ಬಿಚ್ಚಿಕೊಳ್ಳಬೇಕು. ಇಲ್ಲ ಅಂದರೆ ಇನ್ನೂ ಹದಿನೈದು ನಿಮಿಷ ಕಾಯಿರಿ, ಯಾರು ಹಸಿವು ಅಂದರೂ ಕಾಯಿರಿ. ಇದಾದ ಮೇಲೆಯೇ ಪುಂಡಿಯ ಪಾಳಿ.

ಪುಂಡಿಯನ್ನು ಬೇರೆ ಬಾಣಲೆಯಲ್ಲಿ ಬಾಡಿಸುತ್ತೇನೆ. ಎರಡು ಚಮಚ ಎಣ್ಣೆ, ಸೀಳಿದ ಆರು ಹಸಿಮೆಣಸಿನಕಾಯಿ, ಜಜ್ಜಿದ ಹತ್ತು ಎಸಳು ಬಳ್ಳೊಳ್ಳಿ, ಆಮೇಲೆ ಎಲೆ. ಬಾಣಲೆ ತುಂಬಿ ಹೊರಗೆ ಚೆಲ್ಲುವಷ್ಟು ಎಲೆ. ಒಂದು ಹನಿ ನೀರು ಹಾಕುವುದಿಲ್ಲ, ತೊಳೆದಾಗ ಅಂಟಿದ್ದೇ ಸಾಕು. ಮೊದಲು ಅಂಚಿನ ಎಲೆಗಳು ಬಾಗುತ್ತವೆ, ಆಮೇಲೆ ನಡುವೆ ಕುಸಿಯುತ್ತದೆ, ಎರಡೇ ನಿಮಿಷದಲ್ಲಿ ಅಷ್ಟು ದೊಡ್ಡ ಗುಡ್ಡೆ ಒಂದು ಹಿಡಿಯಷ್ಟಾಗಿ ಬಾಣಲೆಯ ತಳ ಸೇರುತ್ತದೆ. ಕಡು ಹಸಿರು ಇದ್ದದ್ದು ಕಣ್ಣೆದುರೇ ಮಾಸಿ, ಒಣಗಿದ ಹುಣಸೆ ಎಲೆಯ ಬಣ್ಣಕ್ಕೆ ತಿರುಗುತ್ತದೆ. ಎಳೆ ಎಳೆಯಾಗಿ ಲೋಳೆ ಬಿಡುತ್ತದೆ. ಆಗ ಬರುವ ಹುಳಿ ವಾಸನೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತವರ ಬಾಯಲ್ಲೂ ನೀರು. ಮರದ ಹುಟ್ಟಿನ ಬೆನ್ನಿನಿಂದ ನಾಲ್ಕು ಸಲ ಮಸೆದರೆ ಸಾಕು, ಪೂರ್ತಿ ನುಣ್ಣಗೆ ಬೇಡ, ಅಲ್ಲಲ್ಲಿ ಎಲೆ ಬಾಯಿಗೆ ಸಿಗಬೇಕು. ಮಿಕ್ಸಿಗೆ ಹಾಕುವವರಿದ್ದಾರೆ. ದಯವಿಟ್ಟು ಹಾಕಬೇಡಿ, ಅಂಟಿನ ಹಾಗೆ ಆಗುತ್ತದೆ.

ಅದನ್ನು ಬೋಗುಣಿಗೆ ಸೇರಿಸಿ, ಮುಚ್ಚದೆ, ಹತ್ತು ಹನ್ನೆರಡು ನಿಮಿಷ ಸಣ್ಣ ಉರಿ. ಉಪ್ಪನ್ನು ಈಗ ನೋಡಬೇಕು, ಮೊದಲು ಸರಿಯಾಗಿತ್ತು ಅಂತ ಸುಮ್ನೆ ಇರಬೇಡಿ. ಪುಂಡಿ ಉಪ್ಪು ಕುಡಿಯುತ್ತದೆ, ಪ್ರತಿ ಸಲವೂ ಅರ್ಧ ಚಮಚ ಮತ್ತೆ ಬೇಕಾಗುತ್ತದೆ. ಒಲೆ ಆರಿಸಿ ಇಪ್ಪತ್ತು ನಿಮಿಷ ಮುಚ್ಚಿಡುವುದು. ಆ ಹೊತ್ತಿನಲ್ಲಿ ಎಣ್ಣೆ ಕೆಂಪಗೆ ಮೇಲೆ ಬರುತ್ತದೆ, ಹುಳಿ ಮಾಂಸದೊಳಗೆ ಇಳಿಯುತ್ತದೆ.

ರೊಟ್ಟಿ ಶುರುವಾಗುವುದು ಇದೇ ಇಪ್ಪತ್ತು ನಿಮಿಷದಲ್ಲಿ. ನನ್ನ ಹೆಂಡತಿ ಎಸರು ಕಾಯಿಸಿ ಹಿಟ್ಟು ಕಲಸಿ ನಾದುತ್ತಾಳೆ, ಅಕ್ಕ ಬಡಿಯುತ್ತಾಳೆ. ಬಿಳಿಜೋಳ, ಅದರಲ್ಲೂ ಮಾಲದಂಡಿ. ಹಿಟ್ಟು ಬೀಸಿಸಿ ಹತ್ತು ದಿನ ದಾಟಿದ್ದರೆ ರೊಟ್ಟಿ ಅಂಚು ಸೀಳುತ್ತದೆ, ಅದಕ್ಕೇ ಆ ವಾರವೇ ಗಿರಣಿಗೆ ಹೋಗಿ ಬರುತ್ತೇವೆ. ಈ ಊಟಕ್ಕೆ ಖಡಕ್ ರೊಟ್ಟಿ ಆಗುವುದಿಲ್ಲ, ಬಿಸಿಯದೇ ಬೇಕು. ಹಂಚಿನ ಮೇಲೆ ಉಬ್ಬಿದ್ದು ನೇರ ತಾಟಿಗೆ ಬರಬೇಕು. ಹಾಗಾಗಿ ಮೊದಲು ಮಕ್ಕಳು, ಅವ್ವ, ಭಾವ ಕೂರುತ್ತಾರೆ, ಎರಡನೇ ಪಂಕ್ತಿಗೆ ನಾನು ಹಂಚಿನ ಮುಂದೆ ಕೂತು ಅಕ್ಕನನ್ನೂ ನನ್ನ ಹೆಂಡತಿಯನ್ನೂ ಎಬ್ಬಿಸುತ್ತೇನೆ. ನನ್ನ ರೊಟ್ಟಿ ಸ್ವಲ್ಪ ದಪ್ಪ ಆಗುತ್ತದೆ, ಆದರೆ ಅವರಿಬ್ಬರೂ ಬಿಸಿಯಾಗಿ ಕೂತು ತಿನ್ನುವುದು ನನಗೆ ಮುಖ್ಯ. ಪಕ್ಕಕ್ಕೆ ಹಸಿ ಉಳ್ಳಾಗಡ್ಡಿ, ಮೂಲಂಗಿ. ಕಡೆಗೆ ಒಂದೊಂದು ಹಿಡಿ ಅನ್ನ, ಭಾವನವರ ಹೊಲದ ಸೋನಾ ಮಸೂರಿಯದು.

ಮೊನ್ನೆ ಅವ್ವ ಮೊದಲ ತುತ್ತು ತಿಂದು ಏನೂ ಹೇಳಲಿಲ್ಲ. ನಲ್ಲಿಯನ್ನು ತಾಟಿನ ಅಂಚಿಗೆ ಎರಡು ಸಲ ತಟ್ಟಿದಳು. ಒಳಗಿನ ಮಜ್ಜೆ ಇಡಿಯಾಗಿ ಜಾರಿ ರೊಟ್ಟಿಯ ಮೇಲೆ ಬಿತ್ತು, ಅದಕ್ಕೆ ಸ್ವಲ್ಪ ಪುಂಡಿ ಸವರಿ ಮಡಿಚಿ ನನ್ನ ಮಗನ ಬಾಯಿಗೆ ಇಟ್ಟಳು. ಅವನು ಮೂರು ರೊಟ್ಟಿ ತಿಂದ.

ಊಟ ಮುಗಿದಾಗ ಹನ್ನೆರಡೂವರೆ. ಎಲ್ಲರೂ ಪಡಸಾಲೆಯಲ್ಲೇ ಚಾಪೆ ಹಾಕಿ ಫ್ಯಾನಿನ ಕೆಳಗೆ ಮಲಗಿದರು, ಅಕ್ಕ ಮತ್ತು ಅವ್ವ ಮಾತ್ರ ಅಡ್ಡಾಗಿಕೊಂಡು ಮೂರು ಗಂಟೆಯವರೆಗೂ ಪಿಸುಪಿಸು ಮಾತಾಡುತ್ತಿದ್ದರು. ಸೋಮವಾರ ನಮ್ಮ ಮನೆಯಲ್ಲಿ ಮಾಂಸ ಇಲ್ಲ, ಉಳಿದದ್ದನ್ನೆಲ್ಲ ಒಂದು ಸ್ಟೀಲ್ ಡಬ್ಬಿಗೆ ಹಾಕಿ, ಮೇಲೆ ಬಟ್ಟೆ ಬಿಗಿದು ಅಕ್ಕನ ಚೀಲದಲ್ಲಿಟ್ಟೆ. ನಾಲ್ಕರ ಬಸ್ಸಿಗೆ ಹೊರಟರು. ರಾತ್ರಿ ಎಂಟಕ್ಕೆ ಫೋನ್ ಬಂತು, ಬಾಯಲ್ಲಿ ತುತ್ತು ಇಟ್ಟುಕೊಂಡೇ ಮಾತಾಡುತ್ತಿದ್ದಳು. "ತಮ್ಮಾ, ಈಗ ಹುಳಿ ಹಿಡಿದೈತಿ ನೋಡು. ಮುಂಜಾನಿಗಿಂತ ಈಗ ಛಲೋ ಆಗೈತಿ. ಅವ್ವಗ ಹೇಳು."